ಪೈಲಟ್ ಆಗಬೇಕೆಂದರೆ ಏನೇನು ಬೇಕು?



ಹೋದ ತಿಂಗಳು ನಮ್ಮ ತರಗತಿಯಲ್ಲಿ ಸರ್ ಒಬ್ಬೊಬ್ಬರನ್ನೇ ನಿಲ್ಲಿಸಿ "ಮುಂದೆ ಏನಾಗ್ತೀರಿ?" ಎಂದು ಕೇಳಿದರು. ಡಾಕ್ಟರ್, ಪೊಲೀಸ್, ಟೀಚರ್ ಎಂದವರಿಗೆ ಯಾರೂ ಏನೂ ಅನ್ನಲಿಲ್ಲ. ನಾನು "ಪೈಲಟ್" ಎಂದೆ. ಹಿಂದಿನ ಸಾಲಿನವರು ನಕ್ಕರು. ಒಬ್ಬನಂತೂ ಎರಡೂ ಕೈ ಚಾಚಿ ಬುರ್ರ್ ಎಂದ. ಸರ್ ಮಾತ್ರ ನಗಲಿಲ್ಲ. "ಪೈಲಟ್ ಹ್ಯಾಂಗ ಆಗ್ತಾರ ಗೊತ್ತದೇನು ನಿನಗ?" ಅಂದರು. ನನಗೆ ಗೊತ್ತಿರಲಿಲ್ಲ. "ಹಾಂಗಾದ್ರ ಓದಿ ತಿಳ್ಕೊಂಡು ಗೋಡೆ ಪತ್ರಿಕೆಗೆ ಬರಿ" ಅಂದರು. ಅದಕ್ಕೇ ಈ ಲೇಖನ. ನಕ್ಕವರೂ ಪೂರ್ತಿ ಓದಬೇಕೆಂದು ವಿನಂತಿ.

ವಿಮಾನ ಎಂದರೆ ನನಗೆ ಸಣ್ಣಾಕಿ ಇದ್ದಾಗಿನಿಂದಲೂ ಹುಚ್ಚು. ಹತ್ತಿ ಬಿಡಿಸಲು ಹೊಲಕ್ಕೆ ಹೋದಾಗ ಮೇಲೆ ಬಿಳಿ ಗೆರೆ ಎಳೆದುಕೊಂಡು ಹೋಗುವ ವಿಮಾನವನ್ನು ನೋಡುತ್ತ ನಿಂತುಬಿಡುತ್ತಿದ್ದೆ. ಅವ್ವ "ಕೈ ನಡೀಲಿ, ಕೈ ನಡೀಲಿ" ಎಂದು ಕೂಗುತ್ತಿದ್ದಳು. ಆ ಗೆರೆ ಹೊಗೆ ಎಂದು ನಾನು ತಿಳಿದಿದ್ದೆ. ಹೊಗೆಯಲ್ಲ. ಇಂಜಿನ್ನಿನಿಂದ ಹೊರಬರುವ ನೀರಾವಿ ಅಲ್ಲಿಯ ಚಳಿಗೆ ಮಂಜಿನ ಹರಳುಗಳಾಗಿ ಹಾಗೆ ಕಾಣುತ್ತದೆ. ದೊಡ್ಡ ವಿಮಾನಗಳು ಸುಮಾರು 10 ಕಿ.ಮೀ. ಎತ್ತರದಲ್ಲಿ ಹಾರುತ್ತವೆ. ಅಲ್ಲಿ ಸೊನ್ನೆಗಿಂತ 50 ಡಿಗ್ರಿ ಕೆಳಗಿನ ಚಳಿ ಇರುತ್ತದಂತೆ. ನಮ್ಮ ರಾಯಚೂರು ಬಿಸಿಲಿನಲ್ಲಿ ನಿಂತು ಇದನ್ನು ನಂಬುವುದು ಕಷ್ಟವೇ.

ವಿಮಾನ ಕಂಡುಹಿಡಿದ ರೈಟ್ ಸಹೋದರರು ಸೈಕಲ್ ಅಂಗಡಿ ಇಟ್ಟುಕೊಂಡಿದ್ದವರು. ಸೈಕಲ್ ಮಾರುವುದು, ರಿಪೇರಿ ಮಾಡುವುದು ಅವರ ಕಸುಬು. 1903ರ ಡಿಸೆಂಬರ್ 17ರಂದು ಅವರ ವಿಮಾನ ಮೊದಲ ಸಲ ಹಾರಿದ್ದು ಬರೇ 12 ಸೆಕೆಂಡು, 120 ಅಡಿ. ಇದು ಪಾಠದಲ್ಲೂ ಬರುತ್ತದೆ, ಆದ್ದರಿಂದ ಹೆಚ್ಚು ಬರೆಯುವುದಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಜೆ.ಆರ್.ಡಿ. ಟಾಟಾ ಅವರ ಕಥೆ. ಅವರು ಹುಡುಗನಾಗಿದ್ದಾಗ ಫ್ರಾನ್ಸ್ ದೇಶದ ಸಮುದ್ರದ ದಂಡೆಯಲ್ಲಿ ವಿಮಾನ ನೋಡಿ ಮರುಳಾದರು. 1929ರ ಫೆಬ್ರವರಿ 10ರಂದು ಭಾರತದಲ್ಲಿ ಕೊಟ್ಟ ಮೊದಲನೇ ನಂಬರಿನ ಪೈಲಟ್ ಲೈಸೆನ್ಸ್ ಅವರಿಗೆ ಸಿಕ್ಕಿತು. 1932ರ ಅಕ್ಟೋಬರ್ 15ರಂದು ಒಂದೇ ಇಂಜಿನ್ನಿನ ಸಣ್ಣ ವಿಮಾನದಲ್ಲಿ ಟಪಾಲಿನ ಚೀಲ ಹಾಕಿಕೊಂಡು ಕರಾಚಿಯಿಂದ ಅಹಮದಾಬಾದ್ ಮೇಲೆ ಬೊಂಬಾಯಿಗೆ ಒಬ್ಬರೇ ಹಾರಿಸಿಕೊಂಡು ಬಂದರು. ರೇಡಿಯೋ ಇಲ್ಲ, ದಾರಿ ಹೇಳುವವರಿಲ್ಲ. ಅಹಮದಾಬಾದಿನಲ್ಲಿ ವಿಮಾನಕ್ಕೆ ಪೆಟ್ರೋಲ್ ಬಂದದ್ದು ಎತ್ತಿನ ಬಂಡಿಯಲ್ಲಿ! ಬೊಂಬಾಯಿಯಿಂದ ಮುಂದೆ ಅದೇ ಟಪಾಲನ್ನು ನೆವಿಲ್ ವಿನ್ಸೆಂಟ್ ಎಂಬ ಪೈಲಟ್ ಮದ್ರಾಸಿಗೆ ಒಯ್ದರು. ನಡುವೆ ಎಲ್ಲಿ ಇಳಿದರು ಹೇಳಿ ನೋಡೋಣ? ನಮ್ಮ ಪಕ್ಕದ ಬಳ್ಳಾರಿಯಲ್ಲಿ. ಬೆಂಗಳೂರಿಗೂ ಅಲ್ಲ, ಹೈದರಾಬಾದಿಗೂ ಅಲ್ಲ. ಇದನ್ನು ಓದಿದ ದಿನ ನಾನು ಮನೆಯಲ್ಲಿ ಎಲ್ಲರಿಗೂ ಹೇಳಿದೆ. ಅಜ್ಜಿ ಮಾತ್ರ "ಬಳ್ಳಾರ್ಯಾಗ ಇಳದು ಏನ್ ತಿಂದ್ರಂತ?" ಎಂದು ಕೇಳಿದಳು.

ಟಾಟಾ ಅವರು ದೊಡ್ಡ ಸಾಹುಕಾರರು, ಅವರಿಗೇನು ಎನ್ನಬಹುದು. ನಿಜ. ಆದರೆ 50 ವರ್ಷದ ನಂತರ, 1982ರಲ್ಲಿ, 78ನೇ ವಯಸ್ಸಿನಲ್ಲಿ ಅಂಥದೇ ಹಳೇ ಸಣ್ಣ ವಿಮಾನದಲ್ಲಿ ಅದೇ ದಾರಿ ಮತ್ತೊಮ್ಮೆ ಹಾರಿದರು. ರೊಕ್ಕ ಇದ್ದವರೆಲ್ಲ ಹಾಗೆ ಮಾಡುವುದಿಲ್ಲ. ಅದು ಹುಚ್ಚು ಇದ್ದವರ ಕೆಲಸ.

ಇನ್ನು ಕರ್ನಾಟಕದ ಮಾತು. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇದೆ. ಮೈಸೂರು ಮಹಾರಾಜರ ಕಾಲದ್ದು. 1949ರಲ್ಲಿ ಅಲ್ಲಿಂದ ಮೊದಲು ತೇರ್ಗಡೆಯಾಗಿ ಹೊರಬಂದವರು ಒಬ್ಬ ಹೆಣ್ಣುಮಗಳು, ಉಷಾ ಸುಂದರಂ. ಆಮೇಲೆ ಅವರು ಮತ್ತು ಅವರ ಯಜಮಾನರು ಮದ್ರಾಸ್ ಸರ್ಕಾರಕ್ಕಾಗಿ ಕೊಂಡ ವಿಮಾನವನ್ನು ಲಂಡನ್ನಿನಿಂದ ಬೊಂಬಾಯಿಗೆ 27 ಗಂಟೆಯಲ್ಲಿ ಹಾರಿಸಿ ತಂದು ದಾಖಲೆ ಮಾಡಿದರು. "ಹುಡ್ಗೇರು ಎಲ್ಲಾರ ಇಮಾನ ನಡಸ್ತಾರೇನು" ಎಂದವರು ಇದನ್ನು ಎರಡು ಸಲ ಓದಿರಿ.

ಈಗ ಕಲಿಯುವುದೇನು ಎಂಬುದನ್ನು ನೋಡೋಣ. ಪೈಲಟ್ ಮೊದಲು ಕಲಿಯುವುದು ಗಾಳಿಯನ್ನು. ಕಣದಲ್ಲಿ ಜ್ವಾಳ ತೂರುವಾಗ ನಮ್ಮಪ್ಪ ಒಂದು ಹಿಡಿ ಹೊಟ್ಟು ಮೇಲೆ ಬಿಟ್ಟು ಗಾಳಿ ಎತ್ತ ಕಡೆಯಿಂದ ಬೀಸುತ್ತದೆ ನೋಡುತ್ತಾನೆ. ವಿಮಾನ ನಿಲ್ದಾಣದಲ್ಲೂ ಕಂಬಕ್ಕೆ ಬಟ್ಟೆಯ ಉದ್ದ ಚೀಲ ಕಟ್ಟಿರುತ್ತಾರೆ. ಅದು ಉಬ್ಬಿ ತೋರಿಸುವ ದಿಕ್ಕನ್ನು ನೋಡಿ ಪೈಲಟ್ ಗಾಳಿಗೆ ಎದುರಾಗಿ ಓಡಿಸಿ ಮೇಲೇರುತ್ತಾನೆ, ಗಾಳಿಗೆ ಎದುರಾಗಿಯೇ ಇಳಿಸುತ್ತಾನೆ. ಯಾಕೆಂದರೆ ವಿಮಾನವನ್ನು ಎತ್ತುವುದು ರೆಕ್ಕೆಯ ಸುತ್ತ ಹರಿಯುವ ಗಾಳಿ. ಎದುರು ಗಾಳಿ 20 ಕಿ.ಮೀ. ವೇಗದಲ್ಲಿದ್ದರೆ ವಿಮಾನ ನೆಲದ ಮೇಲೆ ಅಷ್ಟು ಕಡಿಮೆ ವೇಗದಲ್ಲಿ ಓಡಿದರೂ ಸಾಕು, ಮೇಲೇಳುತ್ತದೆ. ಗಾಳಿಪಟ ಹಾರಿಸುವಾಗ ನಾವೂ ಗಾಳಿಗೆ ಎದುರಾಗಿ ಓಡುತ್ತೇವಲ್ಲ, ಹಾಗೆಯೇ.

ಗಣಿತ ಯಾಕೆ ಬೇಕು ಎಂದು ಕೇಳುವವರಿಗೆ ಒಂದು ಲೆಕ್ಕ. ಒಂದು ಸಣ್ಣ ವಿಮಾನ ಗಂಟೆಗೆ 100 ಕಿ.ಮೀ. ಹೋಗುತ್ತದೆ ಎನ್ನಿ. 200 ಕಿ.ಮೀ. ದೂರದ ಊರಿಗೆ ಹೋಗಬೇಕು. ಗಾಳಿ ಇಲ್ಲದಿದ್ದರೆ 2 ತಾಸು. ಎದುರು ಗಾಳಿ 20 ಕಿ.ಮೀ. ಇದ್ದರೆ ನಿಜವಾದ ವೇಗ 80. ಆಗ ಎರಡೂವರೆ ತಾಸು. ಗಾಳಿ ಹಿಂದಿನಿಂದ ಬಂದರೆ 1 ತಾಸು 40 ನಿಮಿಷ. ಪೈಲಟ್ ಬರೇ ಎರಡು ತಾಸಿನ ಎಣ್ಣೆ ಹಾಕಿಕೊಂಡು ಎದುರು ಗಾಳಿಯಲ್ಲಿ ಹೊರಟರೆ ಊರು ಇನ್ನೂ 40 ಕಿ.ಮೀ. ಇರುವಾಗ ಇಂಜಿನ್ ನಿಲ್ಲುತ್ತದೆ. ಬಸ್ಸಾದರೆ ರಸ್ತೆ ಪಕ್ಕ ನಿಲ್ಲಿಸಬಹುದು. ಗಾಳಿ ಪಕ್ಕದಿಂದ ಬೀಸಿದರಂತೂ ಮೂತಿಯನ್ನು ಸ್ವಲ್ಪ ಗಾಳಿಯ ಕಡೆ ತಿರುಗಿಸಿಕೊಂಡೇ ಹೋಗಬೇಕು. ಹೊಳೆ ದಾಟುವಾಗ ಹರಿಗೋಲಿನವನು ಎದುರು ದಂಡೆಗೆ ನೆಟ್ಟಗೆ ಹುಟ್ಟು ಹಾಕದೆ ಸ್ವಲ್ಪ ಮೇಲಕ್ಕೆ ಹಾಕುತ್ತಾನಲ್ಲ, ಅದೇ ಲೆಕ್ಕ. ಈ ಲೆಕ್ಕ ನಮ್ಮ ಹತ್ತನೇ ತರಗತಿಯ ತ್ರಿಕೋನಮಿತಿಯಿಂದಲೇ ಶುರುವಾಗುತ್ತದೆ.

ಪೈಲಟ್ ಆಗಲು ಎರಡು ಬಾಗಿಲು ಇವೆ. ಒಂದು ಪ್ರಯಾಣಿಕರ ವಿಮಾನದ್ದು, ಇನ್ನೊಂದು ವಾಯುಪಡೆಯದ್ದು.

ಮೊದಲನೇ ಬಾಗಿಲಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಪಾಸಾಗಿರಬೇಕು. ಲೈಸೆನ್ಸ್ ಸಿಗಲು 18 ವರ್ಷ ತುಂಬಿರಬೇಕು. ತರಬೇತಿ ಶಾಲೆ ಸೇರಿ ಒಟ್ಟು 200 ಗಂಟೆ ಹಾರಬೇಕು. ಅದರಲ್ಲಿ 100 ಗಂಟೆ ವಿಮಾನದ ಪೂರ್ತಿ ಜವಾಬ್ದಾರಿ ಕಲಿಯುವವರದೇ. ಮೊದಮೊದಲು ಪಕ್ಕದಲ್ಲಿ ಗುರುಗಳು ಕೂತಿರುತ್ತಾರೆ. ಒಂದು ದಿನ ಅವರು ಏನೂ ಮುನ್ಸೂಚನೆ ಕೊಡದೆ "ಇವತ್ತು ನೀನೊಬ್ಬನೇ ಹೋಗು" ಎಂದು ಇಳಿದುಬಿಡಬಹುದು. ಆ ಮೊದಲ ಒಂಟಿ ಹಾರಾಟ ಮುಗಿಸಿ ಬಂದವರ ತಲೆ ಮೇಲೆ ಬಕೆಟ್ ನೀರು ಸುರಿಯುವ ಪದ್ಧತಿ ಹಲವು ಕಡೆ ಇದೆ. ಆಮೇಲೆ ರಾತ್ರಿ ಹಾರಬೇಕು, ಉಪಕರಣಗಳನ್ನಷ್ಟೇ ನೋಡಿಕೊಂಡು ಹಾರಬೇಕು, ಎರಡು ಬೇರೆ ನಿಲ್ದಾಣಗಳಲ್ಲಿ ಇಳಿಯುತ್ತ ಸುಮಾರು 550 ಕಿ.ಮೀ. ದೂರದ ಪ್ರಯಾಣವನ್ನೂ ಮಾಡಬೇಕು. ಹವಾಮಾನ, ದಾರಿ ಕಂಡುಹಿಡಿಯುವುದು, ವಿಮಾನದ ಕಾನೂನು, ಯಂತ್ರದ ವಿಷಯಗಳ ಲಿಖಿತ ಪರೀಕ್ಷೆಗಳು ಬೇರೆ.

ಇಷ್ಟನ್ನು ಅಪ್ಪನಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿ, ಕೊನೆಗೆ "ಎಷ್ಟು ರೊಕ್ಕ ಬೇಕಾಗ್ತಾವ ಯವ್ವಾ?" ಎಂದ. ಸುಮಾರು 50 ಲಕ್ಷ ಎಂದೆ. ಅಪ್ಪ ನಗಲೂ ಇಲ್ಲ, ಬೈಯಲೂ ಇಲ್ಲ. "ಎರಡೆಕರೆ ಮಾರಿದ್ರೂ ಅಷ್ಟು ಬರಂಗಿಲ್ಲ" ಎಂದು ಎದ್ದು ಎತ್ತಿಗೆ ನೀರು ಕುಡಿಸಲು ಹೋದ. ಒಂದು ಗಂಟೆ ಹಾರಲು ಬರುವ ಖರ್ಚನ್ನು ನಾನು ಅಪ್ಪನಿಗೆ ಹೇಳಲೇ ಇಲ್ಲ. ಪರಿಶಿಷ್ಟ ಜಾತಿ, ಪಂಗಡದ ಗೆಳೆಯರು ಒಂದು ಮಾತು ಗಮನಿಸಿ: ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಕೊಡುವ ಕೋರ್ಸುಗಳ ಪಟ್ಟಿಯಲ್ಲಿ ಪೈಲಟ್ ಲೈಸೆನ್ಸೂ ಇದೆ. ಇದನ್ನು ಯಾರೂ ನಮಗೆ ಹೇಳುವುದಿಲ್ಲ. ಸಮಾಜ ಕಲ್ಯಾಣ ಇಲಾಖೆಯಲ್ಲಿ ನೀವೇ ಹೋಗಿ ಕೇಳಬೇಕು.

ಎರಡನೇ ಬಾಗಿಲಿನಲ್ಲಿ ರೊಕ್ಕ ಕೇಳುವುದಿಲ್ಲ. ಪಿಯುಸಿ ಓದುವಾಗಲೇ ಎನ್‌ಡಿಎ ಪರೀಕ್ಷೆ ಬರೆಯಬಹುದು. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. 2022ರಿಂದ ಹುಡುಗಿಯರೂ ಅಲ್ಲಿ ಸೇರುತ್ತಿದ್ದಾರೆ. ಗಣಿತಕ್ಕೆ 300 ಅಂಕ, ಸಾಮಾನ್ಯ ಸಾಮರ್ಥ್ಯಕ್ಕೆ 600. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಹಾಗಾಗಿ ಅಂದಾಜಿಗೆ ಗುರುತು ಹಾಕುವಂತಿಲ್ಲ. ಪ್ರಶ್ನೆ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಶಾಲೆಯ ನಮಗೆ ಇದು ಗಣಿತಕ್ಕಿಂತ ದೊಡ್ಡ ಗೋಡೆ ಎಂದು ನನ್ನ ಅನಿಸಿಕೆ. ಪಾಸಾದರೆ ಐದು ದಿನದ ಸಂದರ್ಶನ, ಅದರ ಜೊತೆ ಪೈಲಟ್ ಆಗುವವರಿಗೆ ಒಂದು ವಿಶೇಷ ಪರೀಕ್ಷೆ. ಅದನ್ನು ಜೀವನದಲ್ಲಿ ಒಂದೇ ಸಲ ಬರೆಯಬಹುದು. ಫೇಲಾದರೆ ವಾಯುಪಡೆಯ ಪೈಲಟ್ ಆಗುವ ಆಸೆ ಅಲ್ಲಿಗೇ ಮುಗಿಯಿತು. ಆಯ್ಕೆಯಾದವರ ಊಟ, ವಸತಿ, ಓದು, ಹಾರಾಟದ ಖರ್ಚೆಲ್ಲ ಸರ್ಕಾರದ್ದು.

ಈ ಬಾಗಿಲು ನಮಗೆ ದೂರವೂ ಅಲ್ಲ. ನಮ್ಮ ಕಲ್ಯಾಣ ಕರ್ನಾಟಕದ ಬೀದರಿನಲ್ಲಿ ವಾಯುಪಡೆಯ ದೊಡ್ಡ ತರಬೇತಿ ಕೇಂದ್ರವಿದೆ. 2016ರಲ್ಲಿ ದೇಶದ ಮೊದಲ ಮೂವರು ಮಹಿಳಾ ಯುದ್ಧ ವಿಮಾನ ಪೈಲಟ್‌ಗಳಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಹಾಕ್ ಎಂಬ ಜೆಟ್ ವಿಮಾನ ಕಲಿಯಲು ಬಂದದ್ದು ಅಲ್ಲಿಗೇ. ಒಂಬತ್ತು ವಿಮಾನ ಒಟ್ಟಾಗಿ ಕಸರತ್ತು ಮಾಡುವ ಸೂರ್ಯಕಿರಣ ತಂಡದ ಮನೆಯೂ ಬೀದರೇ. 2018ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಮೇಘನಾ ಶಾನುಭೋಗ್ ಅವರೂ ಯುದ್ಧ ವಿಮಾನದ ಪೈಲಟ್ ಆಗಿ ಆಯ್ಕೆಯಾದರು. ನಾನು ಇದೇ ಬಾಗಿಲು ಎಂದು ಗಟ್ಟಿ ಮಾಡಿಕೊಂಡೆ. ಇಂಗ್ಲಿಷ್ ಶಬ್ದ ದಿನಕ್ಕೆ ಹತ್ತು ಬಾಯಿಪಾಠ ಮಾಡುತ್ತಿದ್ದೆ.

ಅಷ್ಟರಲ್ಲಿ ಶಾಲೆಗೆ ಆರೋಗ್ಯ ತಪಾಸಣೆಯವರು ಬಂದರು. ಗೋಡೆಗೆ ಅಕ್ಷರದ ಹಾಳೆ ಹಚ್ಚಿ ಒಂದೊಂದು ಕಣ್ಣು ಮುಚ್ಚಿಸಿ ಓದಿಸಿದರು. ಬಲಗಣ್ಣಿನಿಂದ ಓದಿದೆ. ಎಡಗಣ್ಣಿನಿಂದ ಕೆಳಗಿನ ಮೂರು ಸಾಲು ಕಾಣಲೇ ಇಲ್ಲ. ಬೋರ್ಡು ಮಸುಕು ಎಂದು ಎಷ್ಟೋ ದಿನದಿಂದ ಪಕ್ಕದವಳ ನೋಟ್‌ಬುಕ್ ನೋಡಿ ಬರೆದುಕೊಳ್ಳುತ್ತಿದ್ದೆ. ಎಲ್ಲರಿಗೂ ಹಾಗೇ ಎಂದು ತಿಳಿದಿದ್ದೆ. ದೂರದ್ದು ಮಸುಕಾಗಿ ಕಾಣುವ ಇದಕ್ಕೆ ಸಮೀಪದೃಷ್ಟಿ ಎನ್ನುತ್ತಾರೆ. ಎನ್‌ಡಿಎ ಮೂಲಕ ವಾಯುಪಡೆಯ ಪೈಲಟ್ ಆಗುವವರಿಗೆ ಸಮೀಪದೃಷ್ಟಿ ಇರಲೇಬಾರದು. ಪ್ರಯಾಣಿಕರ ವಿಮಾನದ ಪೈಲಟ್‌ಗೆ ಚಾಳೀಸು ನಡೆಯುತ್ತದೆ, ಅದನ್ನು ಹಾಕಿದಾಗ ಪೂರ್ತಿ ಕಂಡರೆ ಸಾಕು. ಅಂದರೆ ರೊಕ್ಕ ಬೇಡದ ಬಾಗಿಲು ನನ್ನ ಕಣ್ಣಿಗೆ ಮುಚ್ಚಿತು, ಕಣ್ಣು ನಡೆಯುವ ಬಾಗಿಲಿಗೆ ರೊಕ್ಕ ಇಲ್ಲ. ಎರಡು ದಿನ ನಾನು ಯಾರ ಹತ್ತಿರವೂ ಮಾತಾಡಲಿಲ್ಲ. ಈ ಲೇಖನ ಬರೆಯುವುದೇ ಬೇಡ ಎನಿಸಿತ್ತು.

ಸರ್ ಬಿಡಲಿಲ್ಲ. "ನಿನ್ನ ಸಂಬಂಧ ಅಲ್ಲ, ಸಣ್ಣ ಹುಡುಗರ ಸಂಬಂಧ ಬರಿ" ಅಂದರು. ಆದ್ದರಿಂದ ಐದನೇ ಮತ್ತು ಎಂಟನೇ ತರಗತಿಯವರೇ ಕೇಳಿ. ವಿಜಯಪುರದಲ್ಲಿ 1963ರಿಂದ, ಕೊಡಗಿನಲ್ಲಿ 2007ರಿಂದ ಸೈನಿಕ ಶಾಲೆ ಇದೆ. ಆರನೇ ಮತ್ತು ಒಂಬತ್ತನೇ ತರಗತಿಗೆ ಪ್ರವೇಶ ಪರೀಕ್ಷೆ ಇರುತ್ತದೆ. ಆರನೇ ತರಗತಿಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ಒಂಬತ್ತನೆಯದು ಇಂಗ್ಲಿಷಿನಲ್ಲಿ ಮಾತ್ರ. ಅದಕ್ಕೇ ಐದನೇ ತರಗತಿಯಲ್ಲಿ ಇದ್ದಾಗಲೇ ಬರೆಯುವುದು ನಮಗೆ ಲಾಭ. ಕಣ್ಣನ್ನು ಈಗಲೇ ಪರೀಕ್ಷೆ ಮಾಡಿಸಿರಿ. ಕೆಂಪು ಹಸಿರು ಬಣ್ಣ ಬೇರೆ ಬೇರೆ ಕಾಣುತ್ತವೆಯೇ ಎಂಬುದನ್ನೂ ನೋಡಿಸಿರಿ. ರಾತ್ರಿ ಇಳಿಯುವಾಗ ಓಡುದಾರಿಯ ಪಕ್ಕದ ದೀಪ ಕೆಂಪಾಗಿ ಕಂಡರೆ ವಿಮಾನ ತೀರಾ ಕೆಳಗಿದೆ, ಎಲ್ಲ ಬಿಳಿಯಾಗಿ ಕಂಡರೆ ತೀರಾ ಮೇಲಿದೆ ಎಂದು ಅರ್ಥ. ಬಣ್ಣ ಗೊತ್ತಾಗದವರು ಏನು ಮಾಡಬೇಕು?

ನನ್ನ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಪಿಯುಸಿ ವಿಜ್ಞಾನಕ್ಕೆ ಬಸ್ಸಿನಲ್ಲಿ ಹೋಗಿಬರಬೇಕಾಗುತ್ತದೆ. ಅಪ್ಪ ಹೂಂ ಅಂದಿಲ್ಲ, ಉಹೂಂ ಅಂತಲೂ ಅಂದಿಲ್ಲ. ಭೌತಶಾಸ್ತ್ರ, ಗಣಿತ ಓದಿ ಬಿ.ಎಸ್ಸಿ. ಮಾಡಿದವರು ವಿಮಾನಗಳಿಗೆ ನೆಲದಿಂದ ರೇಡಿಯೋದಲ್ಲಿ ದಾರಿ ಹೇಳುವ ನಿಯಂತ್ರಣಾಧಿಕಾರಿ ಹುದ್ದೆಯ ಪರೀಕ್ಷೆ ಬರೆಯಬಹುದಂತೆ. ಆಗ ಸಂಬಳ ಬರುತ್ತದೆ. ಸಂಬಳ ಕೂಡಿಸಿ ಹಾರಲು ಕಲಿಯಲು ಎಷ್ಟು ವರ್ಷ ಬೇಕು ಎಂಬ ಲೆಕ್ಕ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಮಾಡಿದ್ದೇನೆ. ಉತ್ತರ ದೊಡ್ಡದಿದೆ, ಇಲ್ಲಿ ಬರೆಯುವುದಿಲ್ಲ.

ಚಾಳೀಸು ಹೋದ ವಾರ ಬಂತು. ಅಪ್ಪನೇ ಮಾನ್ವಿಗೆ ಹೋಗಿ ತಂದ. ಆದಿತ್ಯವಾರ ಹೊಲದಲ್ಲಿ ಅದನ್ನು ಹಾಕಿಕೊಂಡು ವಿಮಾನ ನೋಡಿದೆ. ಇಷ್ಟು ವರ್ಷ ನಾನು ಒಂದು ಬಿಳಿ ಗೆರೆ ಎಂದು ತಿಳಿದಿದ್ದು ಒಂದಲ್ಲ, ಎರಡು. ವಿಮಾನಕ್ಕೆ ಎರಡು ಇಂಜಿನ್ ಇರುತ್ತವೆ, ಒಂದೊಂದರಿಂದ ಒಂದೊಂದು ಗೆರೆ ಹೊರಟು ಸ್ವಲ್ಪ ಹಿಂದೆ ಹೋಗಿ ಕೂಡಿಕೊಳ್ಳುತ್ತವೆ. ಅವ್ವನನ್ನು ಕರೆದು ತೋರಿಸಿದೆ. "ನನಗ ಮೊದಲಿಂದನೂ ಎರಡೇ ಕಾಣ್ತಾವಲ್ಲ" ಎಂದಳು.

— ಹತ್ತನೇ ತರಗತಿಯ ವಿದ್ಯಾರ್ಥಿನಿ, ಕುರ್ಡಿ