ಕಾವೇರಿ–ಗೋದಾವರಿಗಳ ನಡುವಣ ನಾಡು: ಸುಬ್ಬಣ್ಣ ಓದಿದ ಕವಿರಾಜಮಾರ್ಗ

ಹೊಸನಗರ, ಸಾಗರ, ತೀರ್ಥಹಳ್ಳಿಗಳ ಮಲೆನಾಡು ಕನ್ನಡಕ್ಕೆ ಕೊಟ್ಟ ಚಿಂತಕರಲ್ಲಿ, ಒಂದು ಜನಸಮುದಾಯ ತಾನು ಯಾರೆಂಬುದನ್ನು ತನ್ನ ಸಾಹಿತ್ಯದಿಂದ ಅರಿಯುವುದು ಹೇಗೆ ಎಂಬ ಪ್ರಶ್ನೆಯ ಬೆನ್ನುಹತ್ತಿದವರು ಹೆಗ್ಗೋಡಿನ ಕೆ. ವಿ. ಸುಬ್ಬಣ್ಣ (1932–2005). ನೀನಾಸಮ್ ರಂಗಸಂಸ್ಥೆಯನ್ನು ಕಟ್ಟಿ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರೆಂದೇ ನಾಡು ಅವರನ್ನು ಹೆಚ್ಚಾಗಿ ನೆನೆಯುತ್ತದೆಯಾದರೂ, ಕವಿತೆಯನ್ನೂ ಬರೆದ ಈ ವಿದ್ವಾಂಸರ ನಿಜವಾದ ಸಾಹಸ ‘ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು’ ಎಂಬ ಬರಹದಲ್ಲಿದೆ.

ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ, ಶ್ರೀವಿಜಯ ರಚಿಸಿದನೆಂದು ಬಹುಮಟ್ಟಿಗೆ ಒಪ್ಪಲಾಗಿರುವ ಲಕ್ಷಣಗ್ರಂಥ, ಅಂದರೆ ಕಾವ್ಯದ ಗುಣದೋಷಗಳನ್ನು ತಿಳಿಸುವ ಶಾಸ್ತ್ರ. ಸಂಸ್ಕೃತದ ದಂಡಿಗೆ ಅದು ಬಹಳಷ್ಟು ಋಣಿಯಾಗಿದ್ದರೂ, ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡನಾಡನ್ನು ಗುರುತಿಸುವ ಭಾಗಕ್ಕೆ ದಂಡಿಯಲ್ಲಿ ಮಾದರಿಯಿಲ್ಲ. ಆ ನಾಡನ್ನು ಅಲ್ಲಿ ವರ್ಣಿಸಿರುವುದು ಭೂಮಂಡಲದಲ್ಲಿ ಬೆರೆತಿದ್ದೂ ತನ್ನತನ ಉಳಿಸಿಕೊಂಡ ಜನಪದವೆಂದು. ಸುಬ್ಬಣ್ಣನವರ ವಾದವೆಲ್ಲ ನಿಂತಿರುವುದು ಈ ಮಾತಿನ ಮೇಲೆ. ಲೋಕದಿಂದ ಬೇರ್ಪಟ್ಟು ಬೇಲಿ ಹಾಕಿಕೊಳ್ಳದೆ, ಅದರಲ್ಲಿ ಕರಗಿಯೂ ಹೋಗದೆ, ತಾನೇ ಒಂದು ಜಗತ್ತಾಗಿ ನಿಲ್ಲುವ ಕನ್ನಡವನ್ನು ಅವರು ಅಲ್ಲಿ ಕಂಡರು.

ಇದೇ ಬಗೆಯ ಹುಡುಕಾಟ ಸ್ಕಾಟ್ಲೆಂಡಿನಲ್ಲಿ ಬೇರೆ ದಾರಿ ಹಿಡಿಯಿತು. 1707ರಲ್ಲಿ ತನ್ನ ಸಂಸತ್ತನ್ನು ಕಳೆದುಕೊಂಡ ಆ ನಾಡಿಗೆ ಇಂಗ್ಲಿಷ್, ಸ್ಕಾಟ್ಸ್, ಗೇಲಿಕ್ ಎಂಬ ಮೂರು ನುಡಿಗಳಿವೆ. ಸ್ಕಾಟರು ಒಂದು ನುಡಿಯಲ್ಲಿ ಭಾವಿಸಿ ಇನ್ನೊಂದರಲ್ಲಿ ಆಲೋಚಿಸುತ್ತಾರೆ, ಆದ್ದರಿಂದ ಇಂಗ್ಲಿಷನ್ನೇ ಒಪ್ಪಿಕೊಳ್ಳಬೇಕು ಎಂದು ಕವಿ ಎಡ್ವಿನ್ ಮ್ಯೂರ್ 1936ರಲ್ಲಿ ವಾದಿಸಿದಾಗ, ಸ್ಕಾಟ್ಸ್ ನುಡಿಗೆ ಹೊಸ ಜೀವ ತುಂಬಲು ಹೊರಟಿದ್ದ ಹ್ಯೂ ಮ್ಯಾಕ್‌ಡಿಯರ್ಮಿಡ್ ಮ್ಯೂರ್ ಮೇಲೆ ಮುನಿದರು. ಮುಂದೆ ಕವಿ-ವಿದ್ವಾಂಸ ರಾಬರ್ಟ್ ಕ್ರಾಫರ್ಡ್ 1992ರ ಗ್ರಂಥದಲ್ಲಿ, ‘ಇಂಗ್ಲಿಷ್ ಸಾಹಿತ್ಯ’ ಎಂಬ ವಿಶ್ವವಿದ್ಯಾಲಯದ ವಿಷಯವೇ ಹದಿನೆಂಟನೆಯ ಶತಮಾನದ ಸ್ಕಾಟ್ಲೆಂಡಿನಲ್ಲಿ ರೂಪುಗೊಂಡಿತೆಂದು ತೋರಿಸಿ, ಕೇಂದ್ರ ಯಾವುದು ಅಂಚು ಯಾವುದು ಎಂಬ ಲೆಕ್ಕವನ್ನೇ ತಿರುವಿಹಾಕಿದರು.

ಮ್ಯೂರ್ ರೋಗವೆಂದು ಬಗೆದ ಇಬ್ಬಗೆಯನ್ನು ಸುಬ್ಬಣ್ಣ ಬಲವೆಂದು ಬಗೆದರು. ಅದಕ್ಕೆ ಅವರ ಸೀಮೆಯಲ್ಲೇ ಸಾಕ್ಷಿಯಿದೆ: ಸಾಗರ ತಾಲ್ಲೂಕಿನ ಕೆಳದಿಯ ಹೆಸರಿನ ಅರಸುಮನೆತನದ ಬಸವಪ್ಪನಾಯಕ ‘ಶಿವತತ್ತ್ವರತ್ನಾಕರ’ವೆಂಬ ವಿಶ್ವಕೋಶವನ್ನು ಸಂಸ್ಕೃತದಲ್ಲಿ ರಚಿಸಿದ್ದರಿಂದ ಅವನ ನಾಡಿನ ಕನ್ನಡವೇನೂ ಸೊರಗಲಿಲ್ಲ. ಕನ್ನಡದೊಳಗಿನ ಬಗೆಗಳನ್ನೆಲ್ಲ ಅರಿಯಹೊರಟರೆ ವಾಸುಕಿಗೂ ಬೇಸರವಾದೀತೆಂದು ಕವಿರಾಜಮಾರ್ಗವೇ ಒಪ್ಪಿಕೊಂಡಿರುವುದರಿಂದ, ಒಂದೇ ಅಚ್ಚಿನ ಕನ್ನಡತನವನ್ನು ಹೇರುವವರಿಗೆ ಆ ಗ್ರಂಥ ಆಸರೆಯಾಗಲಾರದು.

ಆಕ್ಷೇಪಕ್ಕೆ ಎಡೆಯಿಲ್ಲವೆಂದಲ್ಲ. ಓದುಬರಹವಿಲ್ಲದ ಜನರ ಕಾವ್ಯಜಾಣ್ಮೆಯನ್ನು ಮೆಚ್ಚಿದರೂ ಕವಿರಾಜಮಾರ್ಗ ಅರಮನೆಯ ಪುಸ್ತಕ. ಅದರ ನಾಡು ಎಲ್ಲರ ನಾಡಾಗಿತ್ತೇ ಎಂಬುದಕ್ಕೆ ಉತ್ತರ ಶಾಸನಗಳಲ್ಲಿ, ವಚನಗಳಲ್ಲಿ, ಜನಪದ ಹಾಡುಗಳಲ್ಲಿ ಸಿಗಬೇಕೇ ಹೊರತು ಅದರಲ್ಲೇ ಅಲ್ಲ. ಅಷ್ಟಾದರೂ, ಭಾಷಾಭಿಮಾನವನ್ನು ಭಯದಿಂದ ಬಿಡಿಸಿದ ಬರಹವಾಗಿ ಸುಬ್ಬಣ್ಣನವರ ಈ ಕೃತಿಗೆ ಕನ್ನಡದಲ್ಲಿ ಸಾಟಿಯಾದವು ಕಡಿಮೆ. 2003ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದದ್ದು ಅದಕ್ಕೇ.