ಉಂಡದ್ದು ಮೈಗೆ ಹತ್ತಬೇಕಾದರೆ

"ಮಗನಿಗೆ ಹೊಟ್ಟೆ ತುಂಬ ಊಟ ಹಾಕುವುದಿಲ್ಲವೇನಮ್ಮ?"

ಮದುವೆಯ ಮನೆಯಲ್ಲಿ ಬಂಧುವೊಬ್ಬರು ನಗುನಗುತ್ತ ಆಡಿದ ಈ ಮಾತು ನನ್ನ ಅಕ್ಕನ ಎದೆಯಲ್ಲಿ ಮುಳ್ಳಿನಂತೆ ನಾಟಿಕೊಂಡಿತು. ಮಗನಿಗೆ ಇಪ್ಪತ್ತನಾಲ್ಕು ವರ್ಷ. ಎತ್ತರ ಐದಡಿ ಎಂಟಂಗುಲ. ತೂಕವಾದರೋ 51 ಕಿಲೋಗ್ರಾಂ. ಅಂದಿನಿಂದ ಅವನ ಮೈ ತುಂಬಿಸುವುದೇ ಅಕ್ಕನಿಗೊಂದು ವ್ರತವಾಯಿತು.

ಬೆಂಗಳೂರಿನ ಕಚೇರಿಯೊಂದರಲ್ಲಿ ಉದ್ಯೋಗ. ಬೆಳಗಿನ ತಿಂಡಿಗೆ ಅವನಿಗೆ ಪುರಸತ್ತಿಲ್ಲ. ಮಧ್ಯಾಹ್ನದ ಡಬ್ಬಿ ಅರ್ಧ ಉಳಿದು ಮರಳುತ್ತಿತ್ತು. ಮನೆ ಸೇರುವಾಗ ರಾತ್ರಿ ಒಂಬತ್ತೂವರೆ. ಹೀಗಾಗಿ ಇಡೀ ದಿನದ ಕೊರತೆಯನ್ನು ಆ ಒಂದೇ ಊಟದಲ್ಲಿ ತುಂಬಿಸಬೇಕಾಯಿತು. ತುಪ್ಪ ಸುರಿದ ಅನ್ನ, ಕರಿದ ಹಪ್ಪಳ, ಮೊಸರನ್ನ, ಎರಡು ಬಾಳೆಹಣ್ಣು, ಕೊನೆಗೆ ದೊಡ್ಡ ಲೋಟದ ತುಂಬ ಬಾದಾಮಿ ಹಾಲು. ಇನ್ನೊಂದು ತುತ್ತೆಂಬ ಒತ್ತಾಯ ಮುಗಿಯುವಾಗ ಹತ್ತೂವರೆ, ಹನ್ನೊಂದಕ್ಕೆ ಹಾಸಿಗೆ.

ಎರಡು ತಿಂಗಳಲ್ಲಿ ಏರಿದ್ದು ಒಂದೇ ಕಿಲೋ. ಹೋದದ್ದು ಮಾತ್ರ ನಿದ್ರೆ! ಎದೆಯುರಿ, ಹುಳಿತೇಗು, ಎರಡು ಗಂಟೆಯವರೆಗೂ ಹೊರಳಾಟ. ಹಗಲಿನ ತೂಕಡಿಕೆಯನ್ನು ಓಡಿಸಲು ನಾಲ್ಕೈದು ಲೋಟ ಕಾಫಿ. ಕೊನೆಯದು ಸಂಜೆ ಆರಕ್ಕೆ. ಒಂದು ಮುಂಜಾನೆ ಸ್ಕೂಟರಿನ ಮೇಲೆಯೇ ಕಣ್ಣೆವೆ ಮುಚ್ಚಿ, ರಸ್ತೆಯ ನಡುಗಟ್ಟೆಗೆ ತಗುಲಿ ಬಿದ್ದ. ಮೊಣಕೈ ತರಚಿದ್ದಷ್ಟೇ, ಹಿಂದೆ ಬಸ್ಸು ಬರುತ್ತಿರಲಿಲ್ಲವೆಂಬುದು ನಮ್ಮ ಪುಣ್ಯ.

ಮೊದಲು ಪರೀಕ್ಷೆ

ವೈದ್ಯರು ಮೊದಲು ಮಾಡಿಸಿದ್ದು ಥೈರಾಯ್ಡ್ ಮತ್ತು ಸಕ್ಕರೆಯ ರಕ್ತಪರೀಕ್ಷೆ. ಇದನ್ನು ಎಲ್ಲ ತಾಯಂದಿರೂ ನೆನಪಿನಲ್ಲಿಡಬೇಕು. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಅಳತೆಮೀರಿ ದುಡಿಯತೊಡಗಿದರೆ ಚೆನ್ನಾಗಿ ಉಂಡರೂ ಮೈ ಇಳಿಯುತ್ತದೆ. ಎದೆ ಡವಡವ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಬೆವರು ಹೆಚ್ಚುತ್ತದೆ, ನಿದ್ರೆ ಬಾರದು. ಮಧುಮೇಹವಿದ್ದರೆ ಬಾಯಾರಿಕೆಯೂ ಪದೇಪದೇ ಮೂತ್ರಕ್ಕೆ ಏಳುವುದೂ ಕಾಣುತ್ತವೆ. ಬಿಡದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರುಗಳಿದ್ದರೆ ಕ್ಷಯದ ಶಂಕೆ ಏಳಬೇಕು. ಇಂಥ ಸಂದರ್ಭಗಳಲ್ಲಿ ಬಾದಾಮಿ ಹಾಲನ್ನೇ ನಂಬಿ ಕಾಲ ಕಳೆಯುವುದು ಅಪಾಯಕರ.

ಹುಡುಗನಿಗೆ ಇವಾವುದೂ ಇರಲಿಲ್ಲ. ಆಗ ವೈದ್ಯರು ಕೇಳಿದರು: "ಉಂಡ ಎಷ್ಟು ಹೊತ್ತಿಗೆ ಮಲಗುತ್ತೀಯೆ?" ಉತ್ತರ ಕೇಳಿ ಅಕ್ಕನ ಕಡೆ ತಿರುಗಿದರು. "ಹೆಚ್ಚು ಉಣ್ಣಿಸಿದ್ದು ತಪ್ಪಲ್ಲ, ತಾಯಿ. ಉಣ್ಣಿಸಿದ ಹೊತ್ತು ತಪ್ಪು."

ರಾತ್ರಿಯ ಕೆಲಸ

ತುಂಬಿದ ಹೊಟ್ಟೆಯಲ್ಲಿ ಮಲಗಿದರೆ ಜಠರದ ಆಮ್ಲ ಅನ್ನನಾಳಕ್ಕೆ ಏರುವುದು ಸುಲಭ. ನಿದ್ರೆ ಹತ್ತಬೇಕಾದರೆ ಮೈಯೊಳಗಿನ ಕಾವು ಸ್ವಲ್ಪ ಇಳಿಯಬೇಕು. ಜೀರ್ಣಕ್ರಿಯೆಯೋ ಕಾವನ್ನು ಹುಟ್ಟಿಸುತ್ತದೆ. ಇನ್ನು ಕಾಫಿಯ ವಿಷಯ. ಅದರಲ್ಲಿನ ಕೆಫೀನಿನ ಅರ್ಧಭಾಗ ದೇಹವನ್ನು ಬಿಟ್ಟುಹೋಗಲು ಸುಮಾರು ಐದು ಗಂಟೆ ಬೇಕು. ಆರು ಗಂಟೆಯ ಕಾಫಿ ಹನ್ನೊಂದರ ಹಾಸಿಗೆಗೂ ಜೊತೆಯಾಗಿ ಬರುತ್ತದೆ.

ನಿದ್ರೆಯೆಂದರೆ ದೇಹ ಸುಮ್ಮನೆ ಬಿದ್ದಿರುವ ಕಾಲವಲ್ಲ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ರಾತ್ರಿಯ ಮೊದಲ ಗಾಢ ನಿದ್ರೆಯಲ್ಲಿ ಎಂಬುದು 1968ರಲ್ಲೇ ಪ್ರಕಟವಾದ ಸಂಗತಿ. 2021ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು 13 ಮಂದಿ ತರುಣ ತರುಣಿಯರನ್ನು ಒಂದು ರಾತ್ರಿ ಪೂರ್ತಿ ಎಚ್ಚರವಾಗಿರಿಸಿ ನೋಡಿದರು. ಅಷ್ಟರಿಂದಲೇ ಸ್ನಾಯುಗಳಲ್ಲಿ ಪ್ರೋಟೀನು ಕಟ್ಟುವ ಕೆಲಸ ಶೇಕಡ 18ರಷ್ಟು ಕುಗ್ಗಿತ್ತು.

ನಿದ್ರೆಗೆಟ್ಟವರೂ ದಪ್ಪಗಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಆಗುತ್ತಾರೆ, ನಿದ್ರೆ ಕಡಿಮೆಯಾದರೆ ಅನೇಕರಲ್ಲಿ ಹಸಿವು ಹೆಚ್ಚುತ್ತದೆ. ಆದರೆ ಕೂಡುವುದು ಬಹುಮಟ್ಟಿಗೆ ಕೊಬ್ಬು, ಬಲವಲ್ಲ. ಚರಕಸಂಹಿತೆಯೂ ಅತಿ ಕೃಶರನ್ನೂ ಅತಿ ಸ್ಥೂಲರನ್ನೂ ಕುರಿತ ಅಧ್ಯಾಯದಲ್ಲಿಯೇ ನಿದ್ರೆಯ ವಿಚಾರವನ್ನೆತ್ತಿ, ದೇಹದ ಪುಷ್ಟಿಯೂ ಕಾರ್ಶ್ಯವೂ ಅದಕ್ಕೆ ಅಧೀನವೆಂದು ಹೇಳುತ್ತದೆ. ಅಕ್ಕ ಆಹಾರವನ್ನು ಕೂಡಿಸುತ್ತ ನಿದ್ರೆಯನ್ನು ಕಳೆಯುತ್ತಿದ್ದಳು.

ಹೊತ್ತು ಬದಲಾಯಿತು

ವೈದ್ಯರು ಊಟವನ್ನು ಕಡಿತಗೊಳಿಸಲಿಲ್ಲ, ಹಗಲಿಗೆ ಸರಿಸಿದರು. ತೂಕ ನಿಧಾನವಾಗಿ ಏರಲು ದಿನಕ್ಕೆ 300ರಿಂದ 500 ಕ್ಯಾಲೊರಿ ಹೆಚ್ಚಿಗೆ ಸಾಕು. ಒಂದು ಹಿಡಿ ಕಡಲೇಕಾಯಿ ಬೀಜ, ಒಂದು ಬಾಳೆಹಣ್ಣು, ಒಂದು ಲೋಟ ಹಾಲು ಸೇರಿದರೆ ಹತ್ತಿರ ಹತ್ತಿರ 400 ಆಗುತ್ತದೆ. ಇವು ಬೆಳಿಗ್ಗೆ ಹನ್ನೊಂದಕ್ಕೂ ಸಂಜೆ ನಾಲ್ಕಕ್ಕೂ ಹಂಚಿಹೋದವು. ರಾತ್ರಿಯ ಊಟ ಎರಡನೆಯ ಡಬ್ಬಿಯಲ್ಲಿ ಏಳೂವರೆಗೇ ಕಚೇರಿಯಲ್ಲಿ. ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲೇ ದೊಡ್ಡ ಊಟ ಮುಗಿಯಬೇಕೆಂಬುದು ನಿಯಮ. ಮಧ್ಯಾಹ್ನದ ಮೇಲೆ ಕಾಫಿ ನಿಷಿದ್ಧ. ಎದೆಯುರಿಗೆ ಎಡಮಗ್ಗುಲ ಶಯನ. ಕೂಡಿದ ತೂಕ ಸ್ನಾಯುವಾಗಲೆಂದು ವಾರಕ್ಕೆ ಮೂರು ದಿನ ದಂಡ, ಬಸ್ಕಿ. ಏಳು ಗಂಟೆಗೆ ಕಡಿಮೆಯಿಲ್ಲದ ನಿದ್ರೆ.

ಎಲ್ಲವನ್ನೂ ಒಪ್ಪಿದ ಅಕ್ಕ, ಎರಡನೆಯ ಡಬ್ಬಿಯ ಮಾತಿಗೆ ಕಣ್ಣು ತುಂಬಿಕೊಂಡಳು. "ಅವನು ನನ್ನೆದುರು ಕುಳಿತು ಉಣ್ಣುವುದು ಅದೊಂದೇ ಹೊತ್ತು. ಅದನ್ನೂ ಡಬ್ಬಿಗೆ ತುಂಬಿ ಕಳಿಸಲೇ?" ವೈದ್ಯರ ಬಳಿ ಇದಕ್ಕೆ ಮದ್ದಿರಲಿಲ್ಲ. ಮದ್ದು ಕಂಡುಹಿಡಿದವನು ಮಗನೇ. ನಿದ್ರೆ ಸರಿಹೋದ ಮೇಲೆ ಬೆಳಿಗ್ಗೆ ಅರ್ಧ ಗಂಟೆ ಮೊದಲೇ ಏಳತೊಡಗಿದ. ಈಗ ಕಾವಲಿಯ ಪಕ್ಕದಲ್ಲೇ ಮಣೆ ಹಾಕಿಕೊಂಡು, ಅಕ್ಕ ಬಡಿಸುವ ಬಿಸಿ ದೋಸೆಯನ್ನು ಮಾತನಾಡುತ್ತ ತಿನ್ನುತ್ತಾನೆ.

ಎರಡು ವಾರದಲ್ಲಿ ನಿದ್ರೆ ಮರಳಿತು. ತೂಕಕ್ಕೆ ಅವಸರವಿರಲಿಲ್ಲ, ನಾಲ್ಕು ತಿಂಗಳಿಗೆ ಮೂರು ಕಿಲೋ. ಎಲ್ಲರ ಮೈಯೂ ಒಂದೇ ಬಗೆಯಲ್ಲಿ ತುಂಬುವುದಿಲ್ಲ. 1990ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 12 ಜೋಡಿ ತದ್ರೂಪಿ ಅವಳಿ ತರುಣರಿಗೆ 84 ದಿನ ತಲಾ 1000 ಕ್ಯಾಲೊರಿ ಹೆಚ್ಚಾಗಿ ಉಣ್ಣಿಸಿದಾಗ ಒಬ್ಬನಿಗೆ 4.3 ಕಿಲೋ ಏರಿದರೆ ಇನ್ನೊಬ್ಬನಿಗೆ 13.3 ಕಿಲೋ ಏರಿತ್ತು! ಅವಳಿ ಸಹೋದರರಲ್ಲಿ ಮಾತ್ರ ಏರಿಕೆ ಬಹುಮಟ್ಟಿಗೆ ಹೋಲುತ್ತಿತ್ತು. ಮಗ ಕೃಶನಾದುದು ತಾಯಿಯ ತಪ್ಪೆಂದು ಆಡುವವರು ಇದನ್ನು ತಿಳಿಯುವುದೊಳ್ಳೆಯದು.

ಮೊನ್ನೆಯ ಗೃಹಪ್ರವೇಶದಲ್ಲಿ ಅದೇ ಬಂಧುಗಳು ಅದೇ ಪ್ರಶ್ನೆ ಕೇಳಿದರು. ಅಕ್ಕ ನಕ್ಕಳು.

"ಹಾಕುತ್ತೇನೆ. ಈಗ ಹೊತ್ತಿಗೆ ಸರಿಯಾಗಿ ಹಾಕುತ್ತೇನೆ."