ಬಣ್ಣ ತೋರುವ ದೀಪ

ಅಂಗಡಿಯ ದೀಪದಲ್ಲಿ ಒಂದೇ ಬಣ್ಣವಾಗಿ ಕಂಡ ಸೀರೆ, ರವಿಕೆಗಳು ಬಿಸಿಲಿನಲ್ಲಿ ಬೇರೆಯಾಗುವುದನ್ನು ವಾಚಕರು ಕಂಡಿರಬಹುದು. ಇದು ಕಣ್ಣಿನ ದೋಷವಲ್ಲ. ಬಟ್ಟೆಯು ತನ್ನ ಮೇಲೆ ಬಿದ್ದ ಬೆಳಕಿನಲ್ಲಿರುವ ಬಣ್ಣಗಳನ್ನಷ್ಟೇ ನಮಗೆ ಮರಳಿಸಬಲ್ಲದು. ಕಡಿಮೆ ಒತ್ತಡದ ಸೋಡಿಯಂ ದೀಪದಲ್ಲಿ ಹಳದಿ ಬೆಳಕು ಬಿಟ್ಟು ಬೇರೇನೂ ಇಲ್ಲವೆನ್ನಬಹುದು. ಅದರಡಿ ಕೆಂಪು, ಹಸಿರುಗಳ ಭೇದವೇ ಅಳಿಯುತ್ತದೆ. ಸಾಮಾನ್ಯ ಬಿಳಿ ಎಲ್‌ಇಡಿಯಲ್ಲಿ ನೀಲಿ ಬೆಳಕಿನ ಮೇಲೆ ಹಳದಿ ಬೀರುವ ಲೇಪವಿರುತ್ತದೆ; ಕೆಂಪು ಸಾಲದು. ಕೆಂಪು ಬೀರುವ ಲೇಪವನ್ನೂ ಕೂಡಿಸಿದರೆ ಆ ಕೊರತೆ ನೀಗುತ್ತದೆ.

ಈ ಗುಣವನ್ನು ಅಳೆಯುವ ಅಂಕಕ್ಕೆ ಸಿ.ಆರ್.ಐ. ಎಂದು ಹೆಸರು, ಗರಿಷ್ಠ 100. ಬಣ್ಣ ತಪ್ಪಿದರೆ ಬಟ್ಟೆ ಮರಳಿ ಬರುವುದನ್ನು ಗಿರಣಿಯವರಾದ ನಾವು ಬಲ್ಲೆವು. ಆದ್ದರಿಂದ ದಾರ ಹೊಂದಿಸುವ ದರ್ಜಿ ಬಂಧುಗಳು ವ್ಯಾಟನ್ನಷ್ಟೇ ನೋಡದೆ, ಈ ಅಂಕ 90 ಮೀರಿದ ದೀಪವನ್ನೇ ಕೊಳ್ಳಲಿ. ಸಂದೇಹ ಬಂದರೆ ಹಗಲು ಬೆಳಕೇ ಪ್ರಮಾಣ.